ಭೋಜರಾಜನ ಕಪ್ಪು ಚಿತ್ರ

ಭೋಜರಾಜನಿಗೆ ಆಕಾಶದ ಮೇಲೆ ಯಾವ ದೂರೂ ಇರಲಿಲ್ಲ. ದೂರೆಲ್ಲ ಜನರ ಮೇಲೆ. ಆಕಾಶ ಹೇಳಿದ ಹೊತ್ತಿಗೆ ಬರುತ್ತದೆ, ತೋರಿಸಬೇಕಾದ್ದನ್ನು ತೋರಿಸುತ್ತದೆ, ಎದುರು ಮಾತಾಡುವುದಿಲ್ಲ. ಜನ ಹಾಗೆಯೇ? ನಾಲ್ಕು ವರ್ಷದ ಹಿಂದೆ ಚೆನ್ನೈನ ವಡಪಳನಿಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತು ಅವನು 'ಅಖಿಲ ಕನ್ನಡ ಹವ್ಯಾಸಿ ನಭೋಚಿತ್ರಗ್ರಾಹಕರ ಬಳಗ' ಎಂಬ ಆನ್‌ಲೈನ್ ಗುಂಪನ್ನು ಲೋಕಾರ್ಪಣೆ ಮಾಡಿದಾಗ (ಲೋಕವೆಂದರೆ ಅಂದು ಹೆಂಡತಿ ಜಲಜಾ ಮತ್ತು ಮಗಳು ಶ್ರೀವಿದ್ಯಾ) ವರ್ಷ ತುಂಬುವುದರೊಳಗೆ ಸಾವಿರ ಜನ ಸೇರುತ್ತಾರೆಂದು ನಂಬಿದ್ದ. ಈಗ ಇದ್ದವರು ಅರವತ್ತೊಂದು.

ಜನ ಬರಲಿಲ್ಲವೆಂದಲ್ಲ. ಮುನ್ನೂರಕ್ಕೂ ಮೇಲೆ ಬಂದರು. ಬಂದವರನ್ನು ಇವನೇ ಓಡಿಸಿದ. ವಿಮಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿ ತಿರಸ್ಕರಿಸಿದ ಕೈ ಅದು, ಮನೆಗೆ ಬಂದರೆ ಸುಮ್ಮನಿರುತ್ತದೆಯೇ? ಬಳಗದಲ್ಲಿ ಆಕಾಶ ಬಿಟ್ಟು ಬೇರೆ ಚಿತ್ರ ಹಾಕಿದರೆ ಹೊರಗೆ. ಗುಲಾಬಿ ಹೂವಿನ ಜೊತೆ ಶುಭೋದಯ ಅಂದರೆ ಹೊರಗೆ. ಸದಸ್ಯರು ತಮ್ಮ ಹೆಸರಿನ ಪಕ್ಕ ತಮ್ಮ ಮುಖವನ್ನು ಕೂಡ ಹಾಕುವಂತಿರಲಿಲ್ಲ, ಅಲ್ಲಿಯೂ ನಕ್ಷತ್ರವೇ ಇರಬೇಕು. ಹೀಗಾಗಿ ನಾಲ್ಕು ವರ್ಷವಾದರೂ ಒಬ್ಬರ ಮೋರೆ ಇನ್ನೊಬ್ಬರಿಗೆ ಗೊತ್ತಿಲ್ಲ. ಚಿತ್ರ ಮೆಚ್ಚಿ 'ಸೂಪರ್ ಸಾರ್' ಎಂದು ಬರೆದವರಿಗೂ ಗೇಟ್‌ಪಾಸು. ಎಷ್ಟು ಸೆಕೆಂಡು ಬೆಳಕು ಹಿಡಿದಿರಿ, ಯಾವ ಲೆನ್ಸು ಎಂದು ಕೇಳಬೇಕಂತೆ, ಸೂಪರ್ ಅನ್ನಬಾರದಂತೆ.

ಜಲಜಾ ಆ ಬಳಗದಲ್ಲಿ ಬದುಕಿದ್ದು ಒಂದು ವಾರ. ಗಂಡ ಫೋನು ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ, ಬಳಗ ಮಾತ್ರ ನೋಡುತ್ತಾನೆಂದು ಕಂಡುಕೊಂಡ ಆಕೆ, ಒಂದು ಸಂಜೆ ಶನಿಗ್ರಹದ ಚಿತ್ರದ ಕೆಳಗೆ, 'ರೀ, ಬರ್ತಾ ಒಂದು ಕಟ್ಟು ಕೊತ್ತಂಬರಿ ತನ್ನಿ' ಎಂದು ಬರೆದಳು. ನಾಲ್ಕು ಸೆಕೆಂಡಿನಲ್ಲಿ ಆಕೆ ಹೊರಗಿದ್ದಳು. ಕೊತ್ತಂಬರಿಯೂ ಬರಲಿಲ್ಲ.

"ಬಳಗ ಬೆಳೆಸ್ತೀನಿ ಬೆಳೆಸ್ತೀನಿ ಅಂತೀರಿ. ಬಂದೋರನ್ನೆಲ್ಲ ಹೊಡೆದಟ್ಟಿದ್ರೆ ಯಾರನ್ನ ಬೆಳೆಸ್ತೀರಿ?" ಎಂದು ಜಲಜಾ ಕೇಳಿದಳು.

"ಗುಣಮಟ್ಟ ಅಂತ ಒಂದಿರುತ್ತೆ ಜಲಜಾ."

"ಅರವತ್ತೊಂದು ಜನ ಗುಣಮಟ್ಟ ಇಟ್ಕೊಂಡು ಏನ್ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?"

ಭೋಜರಾಜನಿಗೂ ಅದೇ ಕೊರಗು. ಎರಡು ವರ್ಷಕ್ಕೆ ನಿವೃತ್ತಿ. ಆಮೇಲೆ ತನ್ನನ್ನು ಸಾರ್ ಎನ್ನಲು ಇರುವುದು ಈ ಬಳಗವೊಂದೇ. ಅದೂ ತಿಂಗಳಿಗೆ ಇಬ್ಬರಂತೆ ಸೋರುತ್ತಿತ್ತು. ಬಳಗ ಮುಚ್ಚಿಹೋದರೆ ತಾನು ಯಾರು?

ಇಂಥ ಸಮಯದಲ್ಲಿ ಕ್ಯಾಮೆರಾ ಕೈಕೊಟ್ಟಿತು.

ಫೆಬ್ರವರಿ ತಿಂಗಳು. ಮಳೆಮೋಡ ಕಳೆದು, ಚೆನ್ನೈನಲ್ಲಿ ಆಕಾಶವೆಂಬುದು ಸ್ವಲ್ಪ ಕಾಣುವ ಕಾಲ. ಅವರ ಮೊಟ್ಟೆಮಾಡಿಯ ಮೇಲೆ (ತಾರಸಿಗೆ ಆ ಮನೆಯಲ್ಲಿ ಈಗ ಅದೇ ಹೆಸರು) ಒಂದು ಕಡೆ ಸಿನಿಮಾ ಸ್ಟುಡಿಯೋದ ದೀಪ, ಉತ್ತರಕ್ಕೆ ಎಣ್ಣೂರಿನ ಕಾರ್ಖಾನೆಗಳ ಮಬ್ಬು, ಇವೆರಡರ ನಡುವೆ ಒಂದು ಜಮಖಾನದಷ್ಟು ಕತ್ತಲು ಸಿಗುತ್ತಿತ್ತು. ಅದರಲ್ಲಿ ಸಂಜೆ ಏಳೂವರೆಗೆ ಮಹಾವ್ಯಾಧ, ನಕ್ಷತ್ರಗಳ ಬೇಟೆಗಾರ, ಬಂದು ನಿಲ್ಲುತ್ತಿದ್ದ. ಭೋಜರಾಜ ಎಡಗಣ್ಣು ಮುಚ್ಚಿ ಬಲಗಣ್ಣನ್ನು ಕ್ಯಾಮೆರಾಗೆ ಒತ್ತಿದರೆ, ಬಲಗಡೆಯ ಅಂಚಿನಲ್ಲಿ ಒಂದು ಕಪ್ಪು ಪರದೆ. ಮೊದಲ ದಿನ ಬೆರಳಿನಷ್ಟು ಅಗಲ. ವಾರ ಕಳೆಯುವಷ್ಟರಲ್ಲಿ ವ್ಯಾಧನ ಒಂದು ಭುಜವೇ ಮಾಯ.

"ಧೂಳು," ಎಂದು ಭೋಜರಾಜ ತೀರ್ಪು ಕೊಟ್ಟ. ಧೂಳಲ್ಲದಿದ್ದರೆ ಬೂಷ್ಟು. ಈ ಊರಿನ ಸಮುದ್ರದ ಗಾಳಿಗೆ ಹಪ್ಪಳಕ್ಕೇ ಬೂಷ್ಟು ಹಿಡಿಯುತ್ತದೆ, ಲೆನ್ಸು ಯಾವ ಲೆಕ್ಕ? ಊದಿದ, ಒರೆಸಿದ, ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಹೂತಿಟ್ಟ. ಪರದೆ ಹೋಗಲಿಲ್ಲ. ಕೊನೆಗೆ ಬ್ರಹ್ಮಾಸ್ತ್ರ ತೆಗೆದ. ನಭೋಚಿತ್ರಗ್ರಾಹಕರಲ್ಲಿ ಒಂದು ಪದ್ಧತಿಯಿದೆ: ಲೆನ್ಸಿಗೆ ಮುಚ್ಚಳ ಹಾಕಿಯೇ ಚಿತ್ರ ತೆಗೆಯುವುದು. ಬರುವುದು ಬರೀ ಕಪ್ಪು. ಆದರೆ ಆ ಕಪ್ಪಿನಲ್ಲಿ ಕ್ಯಾಮೆರಾದ ಒಳಗಿನ ದೋಷಗಳು ಬೆಳ್ಳಗೆ ಚುಕ್ಕಿಯಾಗಿ ಸಿಕ್ಕಿಬೀಳುತ್ತವೆ. ಭೋಜರಾಜ ದಿನಕ್ಕೆ ನಲವತ್ತು ಕಪ್ಪು ಚಿತ್ರ ತೆಗೆದು, ಎಡಗಣ್ಣು ಮುಚ್ಚಿ, ಒಂದೊಂದನ್ನೂ ತದೇಕಚಿತ್ತದಿಂದ ನೋಡತೊಡಗಿದ.

"ಮುಚ್ಚಳ ಹಾಕ್ಕೊಂಡು ಫೋಟೋ ತೆಗೀತಿದ್ದೀರಾ?" ಬಟ್ಟೆ ಒಣಹಾಕಲು ಬಂದ ಜಲಜಾ ಕೇಳಿದಳು.

"ನಿನಗೆ ಅರ್ಥ ಆಗಲ್ಲ."

"ಮುಚ್ಚಳ ಹಾಕಿದ್ರೆ ಏನೂ ಕಾಣಲ್ಲ ಅಂತ ನಂಗೂ ಅರ್ಥ ಆಗುತ್ತೆ ಕಣ್ರೀ."

ಹೀಗೆ ಮೂರು ವಾರ ಹೋಯಿತು.

ನಾಲ್ಕನೇ ಸೋಮವಾರದ ಬೆಳಗ್ಗೆ ಇಡ್ಲಿ ತಿನ್ನುತ್ತ ಭೋಜರಾಜ ಬಲಗಡೆಯಿದ್ದ ಕಾಫಿ ಲೋಟವನ್ನು ಮೊಣಕೈಯಿಂದ ಬೀಳಿಸಿದ. ಆ ವಾರದಲ್ಲಿ ಅದು ಮೂರನೆಯ ಲೋಟ. ಜಲಜಾ ಬೈಯಲಿಲ್ಲ. ಬೈಯದೆ ಇದ್ದದ್ದೇ ಅವನಿಗೆ ಭಯವಾಯಿತು. ಆಕೆ ಅವನ ಗಲ್ಲ ಹಿಡಿದು ಗೋಡೆಯ ಕಡೆ ತಿರುಗಿಸಿದಳು. ಅಲ್ಲಿ ದಿನಸಿ ಅಂಗಡಿಯವರು ಕೊಟ್ಟ ಮುರುಗನ ಕ್ಯಾಲೆಂಡರ್.

"ನೋಡಿ. ಆ ಕ್ಯಾಮೆರಾದಲ್ಲಿ ನೋಡೋ ಥರಾನೇ ನೋಡಿ."

ಭೋಜರಾಜ ಅಭ್ಯಾಸಬಲದಿಂದ ಎಡಗಣ್ಣು ಮುಚ್ಚಿದ. (ನಾಲ್ಕು ವರ್ಷದಿಂದ ಮುಖ್ಯವಾದ್ದು ಏನೇ ಇರಲಿ, ಕಚೇರಿಯ ಕಡತವಿರಲಿ, ಬದನೆಕಾಯಿಯಲ್ಲಿ ಹುಳುವಿರಲಿ, ಅವನು ಎಡಗಣ್ಣು ಮುಚ್ಚಿಯೇ ನೋಡುತ್ತಿದ್ದ.)

"ಮುರುಗನ ಎಡಗಡೆ ಏನಿದೆ?"

"ವೇಲಾಯುಧ."

"ಬಲಗಡೆ?"

"ಏನೂ ಇಲ್ಲ. ಕಪ್ಪು."

"ನವಿಲಿದೆ ರೀ," ಎಂದಳು ಜಲಜಾ. "ಇಷ್ಟು ದೊಡ್ಡ ನವಿಲಿದೆ. ಕ್ಯಾಮೆರಾಗೇನೂ ಆಗಿಲ್ಲ. ನಿಮ್ಮ ಕಣ್ಣಿಗಾಗಿದೆ."

ಕ್ಯಾಮೆರಾ ಇಲ್ಲದೆಯೂ ಪರದೆ ಅಲ್ಲೇ ಇತ್ತು. ಭೋಜರಾಜ ಎರಡು ಸಲ ಕಣ್ಣು ಬದಲಿಸಿ ನೋಡಿದ. ಎಡಗಣ್ಣಿಗೆ ನವಿಲು ಬಂತು, ಬಲಗಣ್ಣಿಗೆ ಹೋಯಿತು.

ಆಟೋ ಬಂದು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಜಲಜಾ ಬಾಗಿಲಲ್ಲಿ ನಿಂತು, "ಬರ್ತೀರೋ ಇಲ್ವೋ?" ಎಂದು ಕೂಗುತ್ತಿದ್ದಳು. ಅಂಥ ಹೊತ್ತಿನಲ್ಲೂ ಭೋಜರಾಜನಿಗೆ ಒಂದು ಆಸೆ ಸಾಯಲಿಲ್ಲ: ತಪ್ಪು ಕ್ಯಾಮೆರಾದ್ದೇ ಇದ್ದರೆ? ಹಿಂದಿನ ದಿನದ ಒಂದು ಕಪ್ಪು ಚಿತ್ರವನ್ನು ಬಳಗಕ್ಕೆ ಹಾಕಿ, 'ಇದರಲ್ಲಿ ದೋಷ ಕಾಣುತ್ತಿದೆಯೇ?' ಎಂದು ಕೇಳಿಬಿಡೋಣ ಎಂದು ಫೋನು ತೆಗೆದ. ಮುಖ್ಯ ವಿಷಯವಲ್ಲವೇ, ಎಡಗಣ್ಣು ಮುಚ್ಚಿದ. ಚಿತ್ರ ಹಾಕಲು ಎರಡು ಗುಂಡಿ. ಸದಸ್ಯರಿಗೆ ಕಳಿಸುವ ಗುಂಡಿ ಬಲಗಡೆ ಇತ್ತು, ಅಂದರೆ ಅವನ ಪಾಲಿಗೆ ಇರಲೇ ಇಲ್ಲ. ಕಂಡ ಒಂದೇ ಗುಂಡಿಯನ್ನು ಒತ್ತಿ, ಜಲಜಾ ಮೂರನೇ ಸಲ ಕೂಗಿದಾಗ ಓಡಿದ. ಅದು ಬಳಗದ ಮುಖಚಿತ್ರವನ್ನು ಬದಲಿಸುವ ಗುಂಡಿಯಾಗಿತ್ತು.

ಆಸ್ಪತ್ರೆಯ ಡಾಕ್ಟರು ಬಹಳ ಹೊತ್ತು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂದಿನ ಪೊರೆ, ರೆಟಿನಾ, ಗೋಡೆಯ ಸುಣ್ಣದ ಹಾಗೆ ಎದ್ದುಬಂದಿದೆ, ಈಗಲೇ ಆಪರೇಷನ್ ಎಂದರು.

"ಎತ್ತನೈ ನಾಳಾ ಇರುಕ್ಕು?" ಎಷ್ಟು ದಿನದಿಂದ ಇದೆ ಎಂದು ಕೇಳಿದರು.

"ಮೂರು ವಾರ," ಎಂದು ಜಲಜಾ ಹೇಳಿದಳು.

"ಯಾಕೆ ಬರಲಿಲ್ಲ?"

"ಕ್ಯಾಮೆರಾ ರಿಪೇರಿ ಮಾಡ್ತಿದ್ರು."

ಡಾಕ್ಟರು ಭೋಜರಾಜನನ್ನು ನೋಡಿದ ನೋಟದಲ್ಲಿ ತಮಿಳೂ ಇರಲಿಲ್ಲ, ಕನ್ನಡವೂ ಇರಲಿಲ್ಲ. ಆಪರೇಷನ್ ಮಾಡಿ ಕಣ್ಣೊಳಗೆ ಗಾಳಿಗುಳ್ಳೆಯೊಂದನ್ನು ಇಟ್ಟರು. ಅದು ಮೇಲೇರಿ ಪೊರೆಯನ್ನು ಒತ್ತಿ ಹಿಡಿಯಬೇಕಾದರೆ ಏಳು ದಿನ ಬೋರಲು ಮಲಗಿರಬೇಕು. ಉಣ್ಣುವಾಗ, ಕೂರುವಾಗ, ನಡೆಯುವಾಗಲೂ ಮುಖ ನೆಲಕ್ಕೆ. ಆಕಾಶದ ಕಡೆ ಒಮ್ಮೆ ಮುಖ ಎತ್ತಿದರೂ ಕಣ್ಣು ಹೋದ ಹಾಗೆಯೇ.

ನೋಡಿ ಗ್ರಹಚಾರ! ಅಖಿಲ ಕನ್ನಡ ನಭೋಚಿತ್ರಗ್ರಾಹಕರ ಅಧ್ಯಕ್ಷ ಏಳು ದಿನ ಮಂಚದ ಅಂಚಿಗೆ ಹಣೆಯಿಟ್ಟು ಮೊಸಾಯಿಕ್ ನೆಲವನ್ನು ಒಂದೇ ಕಣ್ಣಿನಲ್ಲಿ ನೋಡುತ್ತ ಬಿದ್ದಿದ್ದ. ಫೋನು ನೋಡಬಾರದೆಂದು ಜಲಜಾ ಅದನ್ನು ಆರಿಸಿ, ಈ ಸಲ ಅವಳು, ಅಕ್ಕಿ ಡಬ್ಬಿಯಲ್ಲಿ ಹೂತಳು. ಎರಡನೇ ದಿನಕ್ಕೆ ಅವನು ಮೊಸಾಯಿಕ್ಕಿನ ಚುಕ್ಕಿಗಳಲ್ಲಿ ಕೃತ್ತಿಕೆಯನ್ನು ಗುರುತಿಸಿದ. ಮೂರನೇ ದಿನ ಅವನಿಗೆ ಅಳು ಬಂತು. ಅಳಬಾರದೆಂದು ಡಾಕ್ಟರು ಹೇಳಿದ್ದರು.

"ಜಲಜಾ, ಕಣ್ಣು ಬರದಿದ್ರೆ?"

ಮುಖ ಕಾಣದ ಗಂಡನ ಜೊತೆ ಮಾತಾಡುವುದು ಹೇಗೆ? ಜಲಜಾ ಬರಿ ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಅವನ ಮುಖದ ಕೆಳಕ್ಕೆ ತಂದಳು. "ಇನ್ನೊಂದಿದೆಯಲ್ಲ," ಎಂದಳು. "ಅದನ್ನ ನಾಲ್ಕು ವರ್ಷದಿಂದ ಮುಚ್ಚಿಟ್ಟಿದ್ದೀರಿ. ಹೊಸದಾಗೇ ಇರುತ್ತೆ." ಹಾಗೆ ಹೇಳಿ ಆಕೆಯೇ ಅತ್ತಳು. ಆಕೆಗೆ ಅಳಬಾರದೆಂದು ಯಾರೂ ಹೇಳಿರಲಿಲ್ಲ.

ಎಂಟನೇ ದಿನ ಕಾಲೇಜಿನಿಂದ ಬಂದ ಶ್ರೀವಿದ್ಯಾ ಚಪ್ಪಲಿ ಬಿಡದೆ ಒಳಗೆ ನುಗ್ಗಿದಳು. ಆ ಹುಡುಗಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. "ಅಪ್ಪಾ! ನೀಂಗ ಸೆತ್ತುಟ್ಟೀಂಗಳಾಮ್!"

"ಬಿಡ್ತು ಅನ್ನೇ!" ಎಂದು ಜಲಜಾ ಕಿರುಚಿದಳು. "ಅಪ್ಪ ಸತ್ತರಂತೆ ಅಂತ ಮನೇಲಿ ನಿಂತ್ಕೊಂಡು ಅಂತೀಯಲ್ಲ, ಬಾಯಿಗೆ ಏನಾಗಿದೆ ನಿಂಗೆ?"

"ನಾ ಸೊಲ್ಲಲೆಮ್ಮಾ. ಬಳಗ ಸೊಲ್ಲುದು." ತಾನಲ್ಲ, ಬಳಗ ಹೇಳುತ್ತಿದೆಯೆಂದು ಅವಳು ತನ್ನ ಫೋನು ಹಿಡಿದಳು.

ಆಗಿದ್ದು ಇಷ್ಟು. ಒಂದು ಬೆಳಗ್ಗೆ ಬಳಗದ ಮುಖಚಿತ್ರ ಇದ್ದಕ್ಕಿದ್ದಂತೆ ಕಪ್ಪಾಗಿತ್ತು. ದಿನಕ್ಕೆ ಒಂಬತ್ತು ಸಲ ಗದರುತ್ತಿದ್ದ ಅಧ್ಯಕ್ಷರು ಆವತ್ತಿನಿಂದ ಮೌನ. ಫೋನು ಆಫ್. ಮೂರನೇ ದಿನ ಯಾರೋ ಒಬ್ಬರು ಧೈರ್ಯ ಮಾಡಿ ಗುಲಾಬಿ ಹೂವಿನ ಶುಭೋದಯ ಹಾಕಿ ನೋಡಿದರು. ಗಂಟೆ ಕಳೆದರೂ ಅವರನ್ನು ಹೊರಗೆ ಹಾಕಲಿಲ್ಲ. ಆಗ ಎಲ್ಲರಿಗೂ ಖಾತ್ರಿಯಾಯಿತು.

ದಾವಣಗೆರೆಯ ಕೃಷ್ಣರಾಜ, ಬ್ಯಾಂಕಿನಿಂದ ನಿವೃತ್ತರಾದವರು, ಬಳಗದ ಉಪಾಧ್ಯಕ್ಷರು (ಮೂರು ವರ್ಷದಲ್ಲಿ ಯಾವ ಅಧಿಕಾರವನ್ನೂ ಕಾಣದವರು), ಮೊದಲ 'ಓಂ ಶಾಂತಿ' ಹಾಕಿದರು. ಅಲ್ಲಿಂದ ಪ್ರವಾಹ. ಭೋಜರಾಜನ ಹಳೆಯ ಚಿತ್ರಗಳನ್ನು ಜನ ಹುಡುಕಿ ಹುಡುಕಿ ಹಂಚಿದರು. ಎಲ್ಲರೂ ತಮ್ಮ ಹೆಸರಿನ ಪಕ್ಕ ಅದೇ ಕಪ್ಪು ಚಿತ್ರ ಹಾಕಿಕೊಂಡರು. ಕೃಷ್ಣರಾಜರು ಬಾಗಿಲು ತೆರೆದಿಟ್ಟರು; ಇವನು ಅಟ್ಟಿದವರು ಮರಳಿ ಬಂದರು, ಅವರ ಹಿಂದೆ ಸುದ್ದಿ ಕೇಳಿದ ಹೊಸಬರೂ ಸಾವಿರಗಟ್ಟಲೆ ನುಗ್ಗಿದರು. 'ನನ್ನನ್ನು ಸೂಪರ್ ಅಂದದ್ದಕ್ಕೆ ಹೊರಹಾಕಿದ್ದರು. ಅಂಥ ಶಿಸ್ತು ಇನ್ನೆಲ್ಲಿ?' ಎಂದು ಒಬ್ಬರು ಬರೆದಿದ್ದರು. ಸದಸ್ಯರ ಸಂಖ್ಯೆ ಮೂರು ಸಾವಿರದ ನೂರನಲವತ್ತು.

"ಎಷ್ಟು?" ಭೋಜರಾಜ ನೆಲಕ್ಕೆ ಕೇಳಿದ. ಏಳು ದಿನ ಮುಗಿದಿದ್ದರೂ ಕತ್ತು ಇನ್ನೂ ಎತ್ತಲು ಬರುತ್ತಿರಲಿಲ್ಲ.

"ತ್ರೀ ತೌಸಂಡ್ ಒನ್ ಫಾರ್ಟಿ."

"ಓದು. ಎಲ್ಲಾ ಓದು."

"ಥೂ, ಅಪಶಕುನ! ಮುಚ್ಚೇ ಅದನ್ನ!" ಎಂದಳು ಜಲಜಾ. ಆದರೆ ಶ್ರೀವಿದ್ಯಾ ತಡವರಿಸಿಕೊಂಡು ಕನ್ನಡ ಅಕ್ಷರ ಕೂಡಿಸಿ ಎರಡು ಗಂಟೆ ಓದಿದಳು. ಭೋಜರಾಜ ಮೈಯೆಲ್ಲ ಕಿವಿಯಾಗಿ ಕೇಳಿದ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ, ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಮಧ್ಯೆ ಒಂದೆರಡು ಕಡೆ, "ಅದನ್ನ ಇನ್ನೊಂದು ಸಲ ಓದು," ಎಂದ. ನಡುವೆ ಜಲಜಾಳೇ ಎದ್ದುಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದಳು.

ಕೊನೆಗೆ ಅಕ್ಕಿಯಿಂದ ಫೋನು ತೆಗೆಸಿ ಕೃಷ್ಣರಾಜರಿಗೆ ಮಾಡಿದ. ಆ ಕಡೆ ದನಿ ಕೇಳಿ ಕೃಷ್ಣರಾಜರು ಮೊದಲು ಹೆದರಿದರು, ಆಮೇಲೆ ಅತ್ತರು, ಆಮೇಲೆ ಮಂಜುನಾಥನಿಗೆ ಹರಕೆ ಹೊತ್ತರು. ಆಮೇಲೆ ಕೆಮ್ಮಿದರು.

"ಮುಚ್ಚಳ ಹಾಕಿ ತೆಗೆದ ಚಿತ್ರ ಅದು, ಕೈತಪ್ಪಿ ಹಾಕಿಬಿಟ್ಟೆ. ನಾನು ಬದುಕಿದ್ದೀನಿ ಅಂತ ಈಗಲೇ ಹಾಕಿಬಿಡಿ ಕೃಷ್ಣರಾಜರೇ."

"ಹಾಕ್ತೀನಿ ಸಾರ್. ಹಾಕದೆ ಇರ್ತೀನಾ? ಆದ್ರೆ ಒಂದು ಮಾತು. ಸಿಟ್ಟಾಗಬಾರದು."

"ಹೇಳಿ."

"ನಿಮ್ಮ ಹೆಸರಲ್ಲಿ ಹನ್ನೆರಡು ಊರಲ್ಲಿ ಶಾಲೆ ಮಕ್ಕಳಿಗೆ ಆಕಾಶ ತೋರಿಸಾಕ್ ಹೊಂಟಾರ್ರಿ. ಗೌರಿಬಿದನೂರಲ್ಲಿ ನಿನ್ನೆ ಇನ್ನೂರು ಹುಡುಗ್ರು ಚಂದ್ರನ್ನ ನೋಡಿದ್ರು. ಯಾರೂ ಯಾರನ್ನೂ ಕೇಳ್ಲಿಲ್ಲ, ದುಃಖಕ್ಕೆ ತಾವೇ ಮಾಡ್ಯಾರ. ಈಗ ಹೋಗಿ ಸಾರ್ ಸತ್ತಿಲ್ಲ, ಮುಚ್ಚಳ ಹಾಕಿ ಫೋಟೋ ತೆಗೆದಿದ್ರು ಅಂತ ಹೇಳಿದ್ರೆ..." ಕೃಷ್ಣರಾಜರು ನಿಟ್ಟುಸಿರು ಬಿಟ್ಟರು. "ಜನ ನಗ್ತಾರ್ರಿ. ನಕ್ಕು ಮನೀಗೆ ಹೋಗ್ತಾರ. ನೀವು ಇದ್ದಾಗ ಅರವತ್ತೊಂದು ಜನ ಇದ್ರು ಸಾರ್. ಬಳಗ ಬೆಳೀಬೇಕು ಅಂತ ನೀವೇ ಹೇಳ್ತಿದ್ರಿ."

"ಅಂದ್ರೆ ನಾನು ಸತ್ತೇ ಇರ್ಬೇಕಾ?"

"ಸ್ವಲ್ಪ ದಿನ ಸಾರ್. ಬಳಗ ಕಾಲ ಮ್ಯಾಲೆ ನಿಲ್ಲೋ ತನಕ."

ಭೋಜರಾಜನಿಗೆ ಸಿಟ್ಟು ನೆತ್ತಿಗೇರಿತು. ಹತ್ತು ದಿನದ ಹಿಂದಿನ ಭೋಜರಾಜನಾಗಿದ್ದರೆ ಕೃಷ್ಣರಾಜರನ್ನು ನಾಲ್ಕು ಸೆಕೆಂಡಿನಲ್ಲಿ ಹೊರಗೆ ಹಾಕುತ್ತಿದ್ದ. ಆದರೆ ಗೌರಿಬಿದನೂರಿನ ಇನ್ನೂರು ಹುಡುಗರು ಅವನ ಸಿಟ್ಟಿಗೆ ಅಡ್ಡ ನಿಂತರು. ನೆಲದ ಕೃತ್ತಿಕೆಯನ್ನೇ ನೋಡುತ್ತ, "ಹೂಂ," ಎಂದ.

"ಏನು ಹೂಂ?" ಜಲಜಾ ಬಾಗಿಲಿಂದ ಕೇಳಿದಳು. "ನನ್ನನ್ನ ಒಂದು ಮಾತು ಕೇಳಿದ್ರಾ? ನೀವು ಸತ್ರೆ ನಾನೇನಾಗ್ತೀನಿ ಅಂತ ಯೋಚನೆ ಮಾಡಿದ್ರಾ? ತಾಳಿ ಕಟ್ಟಿಸ್ಕೊಂಡೋಳು ನಾನು, ಕೃಷ್ಣರಾಜರಲ್ಲ!"

ಮಾರ್ಚ್ ಕೊನೆಗೆ ಗಾಳಿಗುಳ್ಳೆ ಕರಗಿತು. ಡಾಕ್ಟರು ಬಲಗಣ್ಣಿನ ಎದುರು ಬೆರಳು ಹಿಡಿದರು. ಭೋಜರಾಜ ಬೆರಳು ಎಣಿಸಿದ. ಗೋಡೆಯ ಮೇಲಿನ ಅಕ್ಷರ ಕೇಳಿದರು. ಅಕ್ಷರವಿರಲಿ, ಗೋಡೆಯೇ ನೀರಿನಲ್ಲಿದ್ದಂತೆ ಅಲುಗುತ್ತಿತ್ತು. ಇಷ್ಟೇ, ಇನ್ನು ಬರುವುದಿಲ್ಲ, ಮೊದಲ ವಾರ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಮೃದುವಾಗಿ ಹೇಳಿದರು. ವಾಪಸು ಆಟೋದಲ್ಲಿ ಜಲಜಾ ಅವನ ಬಲಗೈಯನ್ನು ಹಿಡಿದುಕೊಂಡು ಕೂತಿದ್ದಳು. ಆ ಕಡೆಯಿಂದ ಬರುವುದು ಇನ್ನು ಅವನಿಗೆ ಕಾಣುವುದಿಲ್ಲವಲ್ಲ.

ಏಪ್ರಿಲಿನಲ್ಲಿ ಅವನು ಬಳಗಕ್ಕೆ ಹೊಸ ಸದಸ್ಯನಾಗಿ ಅರ್ಜಿ ಹಾಕಿದ, ತೀರಿಹೋದ ತಂದೆಯ ಹೆಸರಿನಲ್ಲಿ, ಹರಿದಾಸ ಎಂದು. ಒಳಬರುವವರಿಗೆ ಮೂರು ಪ್ರಶ್ನೆ ಕೇಳುವ ಕ್ರಮವಿತ್ತು. ಪ್ರಶ್ನೆಗಳನ್ನು ಮಾಡಿದವನು ಇವನೇ, ಆದ್ದರಿಂದ ಎರಡಕ್ಕೆ ಸರಿಯಾಗಿ ಉತ್ತರ ಕೊಟ್ಟ. ಮೂರನೆಯದು ಹೊಸದು: 'ಬಳಗದ ಸಂಸ್ಥಾಪಕರು ಯಾರು?' 'ದಿವಂಗತ ಭೋಜರಾಜ' ಎಂದು ಅಕ್ಷರ ಅಕ್ಷರ ಒತ್ತಿದ. ಕೆಳಗೆ, 'ಸರಿಯುತ್ತರ, ಸ್ವಾಗತ' ಎಂದು ಬಂತು.

ಮರುದಿನ ಸಂಜೆ ಮೊಟ್ಟೆಮಾಡಿಯ ಮೇಲೆ ಶುಕ್ಲಪಕ್ಷದ ಚಂದ್ರ. ಭೋಜರಾಜ ಕ್ಯಾಮೆರಾ ಹೂಡಿದ. ಬಲಗಣ್ಣು ಮುಚ್ಚಿ ಎಡಗಣ್ಣು ಇಟ್ಟ. ನಾಲ್ಕು ವರ್ಷ ಕೆಲಸವಿಲ್ಲದೆ ಕೂತಿದ್ದ ಕಣ್ಣು, ಯಾವುದು ಸ್ಪಷ್ಟ, ಯಾವುದು ಮಸುಕು ಎಂಬುದು ಅದಕ್ಕೆ ತಿಳಿಯದು. ಗಂಟೆಗಟ್ಟಲೆ ಲೆನ್ಸು ತಿರುಗಿಸಿ, ಬೆವರಿ, ಒಂದು ಚಿತ್ರ ತೆಗೆದ. ಆಪರೇಷನ್ ಆದಮೇಲಿನ ಮೊದಲ ಚಿತ್ರ. ಹರಿದಾಸನ ಹೆಸರಿನಲ್ಲಿ ಬಳಗಕ್ಕೆ ಹಾಕಿ, ಮಗುವಿನಂತೆ ಕಾದು ಕೂತ.

ಐದು ನಿಮಿಷಕ್ಕೆ ಉತ್ತರ ಬಂತು. ಭಾವನಾ ಎಂಬಾಕೆ, ಸಂತಾಪದ ಪ್ರವಾಹದಲ್ಲಿ ಸೇರಿದವರು, ಈಗ ಬಳಗದ ನಿರ್ವಾಹಕಿ. ಸಣ್ಣ ಅಕ್ಷರ ಅವನಿಗೆ ಕಾಣದೆ ಜಲಜಾ ಓದಿದಳು. ಓದುತ್ತ ಓದುತ್ತ ಆಕೆಯ ದನಿ ಇಳಿಯಿತು.

"'ಹರಿದಾಸ ಅವರೇ, ಹೊಸಬರು ಅನ್ಸುತ್ತೆ. ಬೇಜಾರು ಮಾಡ್ಕೋಬೇಡಿ, ಚಿತ್ರ ಪೂರ್ತಿ ಮಸುಕಾಗಿದೆ. ದಯವಿಟ್ಟು ಭೋಜರಾಜ ಸಾರ್ ಅವರ ಚಂದ್ರನ ಚಿತ್ರಗಳನ್ನ ನೋಡಿ ಕಲಿತು ಬನ್ನಿ. ಅವರಿದ್ದಿದ್ರೆ ನಿಮ್ಮನ್ನ ಈಗಲೇ ಹೊರಗೆ ಹಾಕ್ತಿದ್ರು.'"

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಅರಚಿಕೊಂಡು ಹೋಯಿತು.

"ಹೌದು," ಎಂದ ಭೋಜರಾಜ. "ಹಾಕ್ತಿದ್ದೆ."

"ಏನಂತ ಬರೀಲಿ?"

ಅವನು ಫೋನು ತೆಗೆದುಕೊಂಡು ತಾನೇ ಬರೆದ. 'ನಿಜ. ಅವರಷ್ಟು ನನಗೆ ಬರುವುದಿಲ್ಲ. ಸಾರ್ ಆತ್ಮಕ್ಕೆ ಶಾಂತಿ ಸಿಗಲಿ.' ಕೊನೆಗೆ, ಯಾರಿಗೂ ಹಾಕಲು ಬಿಡದಿದ್ದ ಕೈಮುಗಿದ ಗುರುತನ್ನೂ ಹಾಕಿದ.

ಹತ್ತು ನಿಮಿಷದಲ್ಲಿ ನಾನ್ನೂರಹನ್ನೆರಡು ಜನ ಅದನ್ನು ಮೆಚ್ಚಿದರು. ನಾಲ್ಕು ವರ್ಷದಲ್ಲಿ ಅವನು ಬರೆದ ಯಾವುದಕ್ಕೂ ಅಷ್ಟು ಮೆಚ್ಚುಗೆ ಬಂದಿರಲಿಲ್ಲ. ಕೆಳಗೆ ಸಾಲಾಗಿ 'ಸೂಪರ್ ಸಾರ್', 'ಸೂಪರ್ ಹರಿದಾಸ ಸಾರ್' ಎಂದು ಬರುತ್ತಲೇ ಇತ್ತು.

"ನೀನೂ ಒಂದು ಲೈಕ್ ಹಾಕು," ಎಂದು ಭೋಜರಾಜ ನಗಲು ನೋಡಿದ.

"ನನ್ನನ್ನ ಹೊರಗೆ ಹಾಕಿದ್ದೀರಲ್ಲ, ಹೇಗೆ ಹಾಕ್ಲಿ?" ಎಂದಳು ಜಲಜಾ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ಒಳಗಿದ್ರೂ ಹಾಕ್ತಿರ್ಲಿಲ್ಲ. ನಡೀರಿ ಕೆಳಗೆ. ಕೈ ಹಿಡ್ಕೊಳ್ಳಿ, ಬಲಗಡೆ ಮೆಟ್ಟಿಲಿದೆ."